ಮೃದಂಗದ ಪಕ್ಕದಲ್ಲಿ ಸ್ಯಾಕ್ಸಫೋನು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ವೀಕ್ಷಕರಿಗೆ 'ಶೋಲೆ' ಚಿತ್ರದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ನಿಮ್ಮ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ಚಿತ್ರವದು. ಬಸಂತಿಯ ಟಾಂಗಾವನ್ನು ಡಕಾಯಿತರು ಬೆನ್ನಟ್ಟುವ ಭಾಗವನ್ನು ನೆನಪಿಸಿಕೊಳ್ಳಿ. ಅಲ್ಲಿ ನಮ್ಮ ಎದೆ ಹೊಡೆದುಕೊಳ್ಳುವಂತೆ ಮಾಡುವುದು ತಬಲಾ. ನುಡಿಸಿದವರು ಬನಾರಸಿನ ಪಂಡಿತ್ ಸಾಮ್ತಾ ಪ್ರಸಾದ್. ಪಕ್ಕವಾದ್ಯವೆಂದು ನಾವು ಬದಿಗೆ ಕೂರಿಸುವ ವಾದ್ಯ, ಅವಕಾಶ ದೊರೆತರೆ ಮುಂದೆ ನಿಂತು ಕಥೆಯನ್ನೇ ನಡೆಸಬಲ್ಲದು.

ನಿಮ್ಮಿಂದ ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಸಾಧಿಸಿ ತೋರಿಸಿದವರಿದ್ದರು. 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಲಯವಾದ್ಯಗಳ ಶಾಲೆಯನ್ನು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮುನ್ನಡೆಸಿದರು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಈ ತಂಡದ ಕಂಠವಾದರು. ಜರ್ಮನಿಯಲ್ಲಿ ಹೊರಬಂದ ಈ ತಂಡದ ಮೊದಮೊದಲ ಧ್ವನಿಮುದ್ರಿಕೆಗಳನ್ನು ಅಲ್ಲಿನ ಜಾಜ್ ರಸಿಕರು ಇಂದಿಗೂ ಹುಡುಕಿ ಕೇಳುತ್ತಾರೆ. ನಮ್ಮಲ್ಲಿ ಮೃದಂಗ ಕಲಿಯುವ ಹುಡುಗರಲ್ಲಿ ಎಷ್ಟು ಮಂದಿ ಇವನ್ನು ಕೇಳಿದ್ದಾರು?

ಕಥೆ ಹೀಗೆ. 1960ರ ದಶಕದ ಕೊನೆಗೆ ಜಾಜ್ ಸಂಗೀತಗಾರರು ವಿದ್ಯುತ್ ಗಿಟಾರನ್ನೂ ರಾಕ್ ಸಂಗೀತದ ಗಟ್ಟಿ ಡ್ರಮ್ ಪೆಟ್ಟನ್ನೂ ಅಪ್ಪಿಕೊಂಡರು. ಹುಟ್ಟಿದ್ದು ಜಾಜ್-ರಾಕ್. ಮ್ಯೂನಿಕ್ ನಗರದಲ್ಲಿ 1969ರಲ್ಲಿ ಡ್ರಮ್ ವಾದಕ ಕ್ರಿಸ್ಟಿಯನ್ ಬುರ್ಖಾರ್ಡ್ ಕಟ್ಟಿದ 'ಎಂಬ್ರಿಯೋ' ಇಂಥದೊಂದು ತಂಡ. ಇವರು 1978ರಲ್ಲಿ ಬಸ್ಸು ಹತ್ತಿ, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ರಸ್ತೆಯಲ್ಲೇ ಭಾರತಕ್ಕೆ ಬಂದರು. ಜೊತೆಗೆ ಅವರಿಗೆ ಮೊದಲಿನಿಂದ ಪರಿಚಿತರಾದ ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಅವರ ನಂಟು. ಮರಿಯಾನೊ ಜಪಾನಿನ ಪಿಯಾನೊ ವಾದಕಿ ತೊಷಿಕೊ ಅಕಿಯೋಷಿಯವರನ್ನು ಮದುವೆಯಾಗಿ ಕೆಲಕಾಲ ಜಪಾನಿನಲ್ಲಿದ್ದವರು; ಮಲೇಷ್ಯಾಕ್ಕೆ ಹೋದಾಗ ಅಲ್ಲಿನ ತಮಿಳರ ನಾಗಸ್ವರ ಕೇಳಿ ಮನಸೋತು ಕಲಿತವರು. ಸ್ಯಾಕ್ಸಫೋನಿನವನಿಗೆ ನಾಗಸ್ವರ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎರಡೂ ಊದುವ ಪೀಪಿಯ ವಾದ್ಯಗಳೇ.

ಈ ಮೂವರ ಭೇಟಿಯಿಂದ 1980ರಲ್ಲಿ 'ಲೈಫ್' ಎಂಬ ಧ್ವನಿಮುದ್ರಿಕೆ ಬಂತು. ಎಂಬ್ರಿಯೋದಿಂದ ಬೇರೆಯಾದ ಕಲಾವಿದರು 'ಡಿಸಿಡೆಂಟನ್' ತಂಡ ಕಟ್ಟಿ, ಬೆಂಗಳೂರಿನವರ ಜೊತೆಗೂಡಿ 1982ರಲ್ಲಿ 'ಜರ್ಮನಿಸ್ತಾನ್' ತಂದರು. ಇವೆರಡರಲ್ಲಿ ಉತ್ಸಾಹ ಬಹಳ. ಆದರೆ ನನಗೆ ಅನ್ನಿಸುವುದು, ಡ್ರಮ್‌ಸೆಟ್ಟು ಮತ್ತು ಮೃದಂಗ ಒಂದೇ ಕೋಣೆಯಲ್ಲಿ ಮಾತಾಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಕೇಳುವುದಿಲ್ಲ.

ಇದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಜಾನಪದ ಲೋಕಕ್ಕೆ ಹೋದವರು ತಮಟೆ ನೋಡಿರುತ್ತೀರಿ. ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡುತ್ತಾರೆ. ಪೆಟ್ಟು ಜೋರಾಗಿ ಬರುತ್ತದೆ, ಆದರೆ ಅದಕ್ಕೆ ಇದೇ ಶ್ರುತಿ ಎಂದು ಹೇಳಲಾಗದು. ಡ್ರಮ್‌ಸೆಟ್ಟೂ ಹೆಚ್ಚುಕಡಿಮೆ ಹಾಗೆಯೇ. ಮೃದಂಗದ ಬಲಗಡೆ ಕಪ್ಪು ಕರಣೆ ಇದೆಯಲ್ಲ, ಅದರ ತೂಕ ಚರ್ಮದ ಕಂಪನಗಳನ್ನು ಕ್ರಮಕ್ಕೆ ತರುತ್ತದೆ. ತಂತಿಯ ಸ್ವರದಲ್ಲಿರುವಂತೆ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಅಂದರೆ ಮೃದಂಗ ಹಾಡುವವರ ಶ್ರುತಿಗೆ ಕೂಡುತ್ತದೆ, ಸ್ಯಾಕ್ಸಫೋನಿಗೂ ಕೂಡುತ್ತದೆ.

ಇನ್ನು ಲೆಕ್ಕ. ಆದಿತಾಳದ 8 ಅಕ್ಷರಗಳನ್ನು ಕೈಯಲ್ಲಿ ಹಾಕಿ. ಒಂದೊಂದಕ್ಕೆ ನಾಲ್ಕು ಮಾತ್ರೆಯಂತೆ 32. 'ತದಿಗಿಣತೊಂ' ಎಂಬ ಐದನ್ನು ಮೂರು ಸಲ ಹೇಳಿ, ನಡುವೆ ಎರಡೆರಡು ಮಾತ್ರೆ ಬಿಡಿ. ಒಟ್ಟು 19. ಹಾಗಾದರೆ 13 ಮಾತ್ರೆ ಕಳೆದ ಮೇಲೆ ಎತ್ತಿಕೊಂಡವರು ಮಾತ್ರ ಸಮಕ್ಕೆ ಸರಿಯಾಗಿ ಬಂದು ಸೇರುತ್ತಾರೆ. ನಾಲ್ಕರ ಪೆಟ್ಟಿನಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ಒತ್ತಿ ಹೊಡೆಯುವ ರಾಕ್ ಡ್ರಮ್ಮಿನ ರೂಢಿಗೆ ಇಂಥ ದೂರದ ಲೆಕ್ಕ ಒಗ್ಗುವುದು ಕಷ್ಟ.

1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗಿನಲ್ಲಿ ಇ.ಸಿ.ಎಂ. ಸಂಸ್ಥೆಗಾಗಿ ಮುದ್ರಿತವಾದ 'ಜ್ಯೋತಿ'ಯಲ್ಲಿ ಈ ತೊಡಕೇ ಇಲ್ಲ. ಕಾರಣ, ಅಲ್ಲಿ ಡ್ರಮ್‌ಸೆಟ್ಟಿಲ್ಲ, ಗಿಟಾರಿಲ್ಲ, ಪಿಯಾನೊ ಇಲ್ಲ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ, ರಮಾಮಣಿಯವರ ಕಂಠ ಮತ್ತು ತಂಬೂರಿ. ಮರಿಯಾನೊ ಇವರ ನಡುವೆ ಅತಿಥಿಯಂತೆ ಬಂದು ಕೂರುತ್ತಾರೆ. ಮೊದಲ ಭಾಗದ ಹೆಸರೇ 'ವಾಯ್ಸ್ ಸೋಲೊ'. 'ಸಪ್ತರ್ಷಿ', 'ಕಾರ್ತಿಕ್' ಮುಂತಾದವು ಆಮೇಲೆ. ಲಕೋಟೆಯ ಮೇಲೆ ಮರಿಯಾನೊ ಹೆಸರು ಮುಂದಿದ್ದರೂ ಒಳಗಿನ ವ್ಯಾಕರಣ ನಮ್ಮದು. 'ಫ್ಯೂಷನ್' ಎಂಬ ಪದ ಇದನ್ನು ಮರೆಮಾಡುತ್ತದೆ. ನಮ್ಮ ಸಂಗೀತ ಹೊರಗಿನವರಿಗೆ ಒಗ್ಗರಣೆಯಾಯಿತೇ ಎಂದು ಕೊರಗುವ ಹಿರಿಯರು ಒಮ್ಮೆ 'ಜ್ಯೋತಿ' ಕೇಳಬೇಕು. ಇಲ್ಲಿ ಒಗ್ಗಿಕೊಂಡವರು ಮರಿಯಾನೊ.

ಜಪಾನಿನಲ್ಲಿ ಇದೇ ಕಾಲದ ಇನ್ನೊಂದು ಉದಾಹರಣೆಯಿದೆ. 1947ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ಲಯವಾದ್ಯಗಾರ ಸ್ಟೋಮು ಯಮಷ್ಟ ಯುರೋಪಿಗೆ ಹೋಗಿ ನೆಲೆ ಕಂಡು, 1976ರ 'ಗೋ' ಧ್ವನಿಮುದ್ರಿಕೆಗೆ ಸ್ಟೀವ್ ವಿನ್‌ವುಡ್‌ರಂಥ ರಾಕ್ ಗಾಯಕರನ್ನೂ ಡ್ರಮ್ ವಾದಕ ಮೈಕೆಲ್ ಶ್ರೀವ್‌ರನ್ನೂ ಕಲೆಹಾಕಿದರು. ಅದ್ದೂರಿ ಕೆಲಸ, ಒಪ್ಪೋಣ. ಮಣಿಯವರು ಮಾತ್ರ ಬೆಂಗಳೂರಿನಲ್ಲೇ ಶಾಲೆ ನಡೆಸಿಕೊಂಡು, ಆಗಾಗ ಹೊರದೇಶಗಳಿಗೆ ಹೋಗಿ ನುಡಿಸಿ, ಮರಳಿ ಶಿಷ್ಯರಿಗೆ ಪಾಠ ಹೇಳಿದರು. ಘಟ, ಖಂಜಿರ, ಮೋರ್ಸಿಂಗ್‌ಗಳನ್ನೇ ಮುಂದೆ ಕೂರಿಸುವ 'ತಾಳ ತರಂಗಿಣಿ' ಕಛೇರಿಯನ್ನು ನಮ್ಮವರೆದುರಿಗೂ ನಡೆಸಿದರು.

ಡಿಸಿಡೆಂಟನ್ ತಂಡ 1993ರಲ್ಲಿ 'ಜಂಗಲ್ ಬುಕ್' ತರುವಾಗ ಮತ್ತೆ ಈ ಬೆಂಗಳೂರಿನವರನ್ನೇ ಕರೆಯಿತು. ಕೇಳಬಯಸುವವರು ಇಸವಿಯ ಕ್ರಮ ಬಿಟ್ಟು ಮೊದಲು 'ಜ್ಯೋತಿ' ಕೇಳಿ, ಕೈಯಲ್ಲಿ ತಾಳ ಹಾಕುತ್ತಾ. ಆಮೇಲೆ 'ಲೈಫ್'. ಗದ್ದಲದ ನಡುವೆಯೂ ಮೃದಂಗ ಎಲ್ಲಿದೆಯೆಂದು ಆಗ ನಿಮ್ಮ ಕಿವಿಗೆ ಗೊತ್ತಾಗುತ್ತದೆ.