ರೈಲೋ, ಬಾಡಿಗೆ ಗಾಡಿಯೋ: ಬೆಂಗಳೂರು ಪಶ್ಚಿಮದ ಪ್ರವಾಸಗಳ ಹಿನ್ನೆಲೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯ ಕುಟುಂಬಗಳು ಸ್ವಿಟ್ಜರ್ಲೆಂಡಿಗೋ ಜಪಾನಿಗೋ ಹೊರಡುವ ಮುನ್ನ, ಅಲ್ಲಿ ರೈಲಿನಲ್ಲಿ ತಿರುಗುವುದೋ ಬಾಡಿಗೆ ಕಾರು ಹಿಡಿಯುವುದೋ ಎಂದು ನಡೆಸುವ ಲೆಕ್ಕಾಚಾರ ಮೇಲ್ನೋಟಕ್ಕೆ ತೀರಾ ಇತ್ತೀಚಿನದೆಂದು ತೋರುತ್ತದೆ. ಆದರೆ ಆ ಲೆಕ್ಕಾಚಾರದ ಬೇರುಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಂಗೇರಿಯ ಮೂಲಕ ಹಾದುಹೋದ ರೈಲು ಹಳಿಯಲ್ಲಿಯೂ, ಅನಂತರದ ಕಾಲದಲ್ಲಿ ಈ ಬಡಾವಣೆಗಳಲ್ಲಿ ಬೆಳೆದ ಟ್ರಾವೆಲ್ಸ್ ಕಸುಬಿನಲ್ಲಿಯೂ ಹುಡುಕಬೇಕಾಗುತ್ತದೆ. ಇಲ್ಲಿನ ಜನ ಪ್ರವಾಸಕ್ಕೆಂದು ಗಾಡಿ ಗೊತ್ತುಮಾಡಿದಾಗಲೆಲ್ಲ ಗಾಡಿಯೊಂದಿಗೆ ಚಾಲಕನೂ ಬಂದನು. ಗಾಡಿಯನ್ನು ಮಾತ್ರ ಬಾಡಿಗೆಗೆ ಪಡೆದು ಚುಕ್ಕಾಣಿಯನ್ನು ತಾನೇ ಹಿಡಿಯುವ ಪದ್ಧತಿ ಇವರಿಗೆ ಬಹುಕಾಲ ಅಪರಿಚಿತವಾಗಿಯೇ ಇತ್ತು. ವಿದೇಶದಲ್ಲಿ ರೈಲಿನ ಕಡೆಗೆ ಇವರ ಮನಸ್ಸು ವಾಲುವುದಕ್ಕೆ ಅಲ್ಲಿನ ರೈಲುಗಳ ಅಚ್ಚುಕಟ್ಟುತನ ಎಷ್ಟು ಕಾರಣವೋ ಇಲ್ಲಿನ ಈ ರೂಢಿಯೂ ಅಷ್ಟೇ ಕಾರಣ.

ಬೆಂಗಳೂರು ದಂಡು ಪ್ರದೇಶಕ್ಕೆ ಮದರಾಸಿನ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಮೈಸೂರಿನ ದಿಕ್ಕಿನ ಹಳಿಗೆ ಇನ್ನೂ ಹದಿನೈದು ವರ್ಷಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. 1876–78ರ ಭೀಕರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಈ ಮಾರ್ಗದ ಮಣ್ಣಿನ ಕೆಲಸ ನಡೆಯಿತು. 1881ರಿಂದ ಹಂತಹಂತವಾಗಿ ತೆರೆದುಕೊಂಡ ಮಾರ್ಗ 1882ರ ಫೆಬ್ರುವರಿಯಲ್ಲಿ ಮೈಸೂರನ್ನು ಮುಟ್ಟಿತು. ಸುಮಾರು 138 ಕಿ.ಮೀ. ಉದ್ದದ ಈ ಮಾರ್ಗವನ್ನು ಮೀಟರ್ ಗೇಜಿನಲ್ಲಿ, ಎಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿಟ್ಟು ಹಾಸಲಾಗಿತ್ತು. ಉತ್ತರದಲ್ಲಿ ಮಲ್ಲೇಶ್ವರ, ಯಶವಂತಪುರಗಳನ್ನು ಹಾದು ತುಮಕೂರಿನ ಕಡೆಗೆ ಸಾಗಿದ ಇನ್ನೊಂದು ಮಾರ್ಗ 1889ರ ವೇಳೆಗೆ ಹರಿಹರವನ್ನು ತಲುಪಿತು. ಸ್ವಾತಂತ್ರ್ಯಾನಂತರ ರೂಪುಗೊಂಡ ರಾಜಾಜಿನಗರವೂ, ಆಮೇಲೆ ಬೆಳೆದ ವಿಜಯನಗರ ಮತ್ತು ಬಸವೇಶ್ವರನಗರಗಳೂ ಈ ಎರಡು ಹಳಿಗಳ ನಡುವಿನ ಬಯಲಿನಲ್ಲಿ ನಿಂತವು. ರೈಲಿನ ಕೂಗು ಎರಡೂ ಕಡೆಯಿಂದ ಕೇಳಿಸುತ್ತಿದ್ದರೂ ರೈಲು ಹತ್ತಲು ಮಾತ್ರ ಈ ಬಡಾವಣೆಗಳವರು ಸಿಟಿ ನಿಲ್ದಾಣಕ್ಕೋ ಯಶವಂತಪುರಕ್ಕೋ ಹೋಗಬೇಕಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮೈಸೂರು ಸಂಸ್ಥಾನದ ಹಳಿಗಳನ್ನು ಹಾಸಿದವರ ಕಣ್ಣು ಕ್ಷಾಮಕಾಲದ ಧಾನ್ಯ ಸಾಗಣೆ, ವ್ಯಾಪಾರ ಮತ್ತು ಆಡಳಿತಗಳ ಮೇಲಿತ್ತೇ ಹೊರತು ಪ್ರೇಕ್ಷಣೀಯ ಸ್ಥಳಗಳ ಮೇಲಿರಲಿಲ್ಲ. ಶ್ರೀರಂಗಪಟ್ಟಣ ಇದಕ್ಕೊಂದು ಅಪವಾದ: ಅಲ್ಲಿ ಹಳಿ ಕೋಟೆಯನ್ನೇ ಸೀಳಿಕೊಂಡು ಹೋಯಿತು, ಅದೂ ಎಷ್ಟು ಹತ್ತಿರದಲ್ಲೆಂದರೆ, ಜೋಡಿ ಹಳಿ ಹಾಕುವ ಕಾಲ ಬಂದಾಗ ಟಿಪ್ಪುವಿನ ಕಾಲದ ಮದ್ದುಗುಂಡಿನ ಉಗ್ರಾಣವನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಬೇಕಾಯಿತು. ಬೇಲೂರು, ಹಳೇಬೀಡು, ಶಿವನಸಮುದ್ರ, ಶೃಂಗೇರಿ, ಧರ್ಮಸ್ಥಳಗಳಿಗೆ ಇಂತಹ ಭಾಗ್ಯ ಇರಲಿಲ್ಲ. ಶ್ರವಣಬೆಳಗೊಳಕ್ಕೆ ರೈಲು ಸಂಪರ್ಕ ಒದಗಿಸಿದ ಬೆಂಗಳೂರು–ಹಾಸನ ನೇರ ಮಾರ್ಗ ಪೂರ್ಣಗೊಂಡದ್ದೂ 2017ರಲ್ಲಿಯೇ. ಹೀಗಾಗಿ ರೈಲಿನಲ್ಲಿ ಹೊರಟವರು ನಿಲ್ದಾಣದಲ್ಲಿ ಇಳಿದು, ಮೊದಮೊದಲು ಎತ್ತಿನ ಗಾಡಿಯನ್ನೋ ಜಟಕಾ ಬಂಡಿಯನ್ನೋ, ಆಮೇಲೆ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಲೇಬೇಕಿತ್ತು. ರೈಲೋ ಗಾಡಿಯೋ ಎಂಬ ಪ್ರಶ್ನೆ ತೀರ್ಮಾನವಾಗುತ್ತಿದ್ದದ್ದು ನಿಲ್ದಾಣದಿಂದ ಗುಡಿಯವರೆಗಿನ ಆ ಕೊನೆಯ ಹತ್ತಿಪ್ಪತ್ತು ಮೈಲಿಗಳಲ್ಲಿ.

ರೈಲು ಪ್ರಯಾಣಕ್ಕೆ ತನ್ನದೇ ಆದ ಆಕರ್ಷಣೆಗಳೂ ಇದ್ದವು ಎಂಬುದನ್ನು ಮರೆಯಲಾಗದು. ಮದ್ದೂರು ನಿಲ್ದಾಣದ ವಡೆ, ಅಕ್ಕಿಹಿಟ್ಟು, ರವೆ, ಮೈದಾಗಳಿಗೆ ಈರುಳ್ಳಿ ಬೆರೆಸಿ ತಟ್ಟಿ ಕರಿದ ಆ ಗರಿಗರಿ ತಿಂಡಿ, ಊರಿನ ಹೆಸರನ್ನೇ ಹೊತ್ತು ನಾಡಿನಾದ್ಯಂತ ಹರಡಿದ್ದು ಕಿಟಕಿಯ ಬಳಿ ಮಾರುವವರ ಕೂಗಿನಿಂದ. ರೈಲ್ವೆಯ ನಿಯಮಗಳೂ ನೋಡುವ ಆಸೆಯುಳ್ಳವರಿಗೆ ಅನುಕೂಲವಾಗಿದ್ದವು: 500 ಕಿ.ಮೀ.ಗಿಂತ ದೂರದ ಟಿಕೆಟ್ಟಿನಲ್ಲಿ ದಾರಿಮಧ್ಯೆ ಇಳಿದು ತಂಗಲು ಅವಕಾಶವಿತ್ತು, ಮತ್ತು ಹೊರಟ ಊರಿಗೇ ಮರಳುವ ಸುತ್ತು ಪ್ರಯಾಣಕ್ಕೆ ‘ಸರ್ಕ್ಯುಲರ್ ಜರ್ನಿ ಟಿಕೆಟ್’ ಎಂಬ ಒಂದೇ ಚೀಟಿ ದೊರೆಯುತ್ತಿತ್ತು. ಎಂಟು ಕಡೆಗಳವರೆಗೆ ಇಳಿಯಬಹುದಾಗಿದ್ದ ಈ ಚೀಟಿಯಲ್ಲಿ ಒಟ್ಟು ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುತ್ತಿತ್ತು. ರಾಜಾಜಿನಗರದ ಸುತ್ತಮುತ್ತ ನೆಲೆಸಿದ್ದ ಸರ್ಕಾರಿ ಉದ್ದಿಮೆಗಳ ನೌಕರರು ಎಲ್‌ಟಿಸಿ, ಅಂದರೆ ರಜೆಯ ಪ್ರಯಾಣಕ್ಕೆ ಮಾಲೀಕರೇ ಭರಿಸುವ ಖರ್ಚಿನ ಸೌಲಭ್ಯವನ್ನು ಬಳಸಿ ಕಾಶಿ, ದಿಲ್ಲಿ, ಆಗ್ರಾಗಳನ್ನು ನೋಡಿದ್ದು ಹೆಚ್ಚಾಗಿ ರೈಲಿನಿಂದಲೇ. ಯೂರೋಪಿನ ಅನೇಕ ದೇಶಗಳಲ್ಲಿ ಒಂದೇ ಚೀಟಿಯಿಂದ ತಿರುಗುವ ಯೂರೇಲ್ ಪಾಸ್ 1959ರಲ್ಲಿ ಆರಂಭವಾದುದು ಇದೇ ತರ್ಕದ ಮೇಲೆ. ಆದ್ದರಿಂದ ಎಲ್‌ಟಿಸಿಯ ಕಾಲವನ್ನು ಕಂಡ ಹಿರಿಯರಿಗೆ ವಿದೇಶದ ರೈಲು ಪಾಸು ಹೊಸ ವಿಚಾರವೇನೂ ಆಗಿರಲಿಲ್ಲ.

ಬಾಡಿಗೆ ವಾಹನದ ಕಥೆ ಇದಕ್ಕಿಂತ ತೊಡಕಿನದು. ಕಾನೂನು ಪ್ರಯಾಣಿಕ ವಾಹನಗಳನ್ನು ಎರಡು ಬಗೆಯಾಗಿ ಕಾಣುತ್ತದೆ: ನಿಗದಿತ ದಾರಿಯಲ್ಲಿ ಹೋಗುತ್ತ, ನಿಲ್ದಾಣಗಳಲ್ಲಿ ನಿಂತು, ಒಬ್ಬೊಬ್ಬರಿಗೂ ಬೇರೆ ಬೇರೆ ಟಿಕೆಟ್ ಕೊಟ್ಟು ಒಯ್ಯುವುದು ಒಂದು; ಇಡೀ ವಾಹನವನ್ನು ಒಂದು ತಂಡ ಒಪ್ಪಂದ ಮಾಡಿಕೊಂಡು ತನಗೆ ಬೇಕಾದ ಕಡೆಗೆ ಕೊಂಡೊಯ್ಯುವುದು ಮತ್ತೊಂದು. ಎರಡನೆಯದನ್ನು ಒಪ್ಪಂದ ವಾಹನ ಎನ್ನುತ್ತಾರೆ. 1976ರಲ್ಲಿ ಕರ್ನಾಟಕ ಸರ್ಕಾರವು ವಿಶೇಷ ಕಾಯ್ದೆಯೊಂದರ ಮೂಲಕ ಖಾಸಗಿಯವರ ಒಪ್ಪಂದ ವಾಹನಗಳನ್ನು, ಮುಖ್ಯವಾಗಿ ಬಸ್ಸುಗಳನ್ನು, ತನ್ನ ಸ್ವಾಧೀನಕ್ಕೆ ತೆಗೆದುಕೊಂಡು ರಸ್ತೆ ಸಾರಿಗೆ ನಿಗಮಕ್ಕೆ ಒಪ್ಪಿಸಿತು. ಅದನ್ನು ಪ್ರಶ್ನಿಸಿದ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸಮುದಾಯದ ಸಂಪತ್ತಿನ ಬಗ್ಗೆ ಬರೆದ ಅಭಿಪ್ರಾಯ ಮುಂದೆ ದಶಕಗಳ ಕಾಲ ಚರ್ಚೆಗೆ ಒಳಗಾಯಿತೆಂಬುದು, ಮತ್ತು ಅದರ ಮೂಲ ಮದುವೆ ದಿಬ್ಬಣ ಹಾಗೂ ಯಾತ್ರೆಗಳ ಬಸ್ಸುಗಳಲ್ಲಿತ್ತೆಂಬುದು ಸ್ವಾರಸ್ಯಕರ. ಶಾಲಾ ಪ್ರವಾಸಕ್ಕೆ ಹೊರಟ ನಿಗಮದ ಕೆಂಪು ಬಸ್ಸಿನ ಮುಂದೆ ‘ಒಪ್ಪಂದದ ಮೇರೆಗೆ’ ಎಂಬ ಫಲಕವನ್ನು ಕಂಡು ಬೆಳೆದ ತಲೆಮಾರಿಗೆ ಈ ಹಿನ್ನೆಲೆ ತಿಳಿದಿರಲಿಲ್ಲ. ಕಾಯ್ದೆಯನ್ನು 2003ರಲ್ಲಿ ರದ್ದುಗೊಳಿಸಲಾಯಿತು.

ಆ ವೇಳೆಗೆ ಸಣ್ಣ ವಾಹನಗಳ ಟ್ರಾವೆಲ್ಸ್ ಕಸುಬು ಗಟ್ಟಿಯಾಗಿ ಬೇರೂರಿತ್ತು. ಅಂಬಾಸಿಡರ್ ಮತ್ತು ಮೆಟಡಾರ್‌ಗಳ ಕಾಲ ಕಳೆದು, 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಟೊಯೋಟ ಕ್ವಾಲಿಸ್, 2005ರಲ್ಲಿ ಇನೋವಾ ಬಂದವು; ಕ್ವಾಲಿಸ್ ಮತ್ತು ಇನೋವಾಗಳು ತಯಾರಾದದ್ದು ಕೆಂಗೇರಿಯಾಚೆ ಅದೇ ಮೈಸೂರು ರಸ್ತೆಯ ಬಿಡದಿಯಲ್ಲಿ. ಇದೇ ಕಾಲದಲ್ಲಿ ರೈಲು ತಾನಾಗಿಯೇ ಹಿಂದೆ ಸರಿದಿತ್ತು ಎಂಬುದನ್ನು ಈ ವಿಷಯದ ಬರಹಗಳು ಸಾಮಾನ್ಯವಾಗಿ ಗಮನಕ್ಕೆ ತಂದುಕೊಳ್ಳುವುದಿಲ್ಲ. 1979ರಲ್ಲಿ ಪೂರ್ಣಗೊಂಡಿದ್ದ ಹಾಸನ–ಮಂಗಳೂರು ಮಾರ್ಗದ ಘಟ್ಟದ ಭಾಗವನ್ನು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಿಸಲೆಂದು 1996ರಲ್ಲಿ ಮುಚ್ಚಲಾಯಿತು, ಮತ್ತು ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿಗಳ ಸುತ್ತು ಪ್ರವಾಸ ಮಧ್ಯಮ ವರ್ಗದ ಮನೆಗಳ ವಾರ್ಷಿಕ ವ್ರತದಂತೆ ಆದ ಆ ಹನ್ನೊಂದು ವರ್ಷಗಳಲ್ಲಿ ಘಟ್ಟದ ಮೇಲೆ ಪ್ರಯಾಣಿಕರ ರೈಲೇ ಇರಲಿಲ್ಲ. ಜನ ಗಾಡಿಯನ್ನು ಆರಿಸಿಕೊಂಡರು ಎನ್ನುವುದಕ್ಕಿಂತ ಅವರಿಗೆ ಗಾಡಿಯೊಂದೇ ಉಳಿದಿತ್ತು ಎನ್ನುವುದು ಹೆಚ್ಚು ಸರಿ. ರೈಲು ಮರಳಿ ಬಂದಾಗ ರೂಢಿ ಬದಲಾಗಿಹೋಗಿತ್ತು.

ಗಾಡಿಯ ಬಾಡಿಗೆಗೆ ಅದರದೇ ವ್ಯಾಕರಣವಿದೆ. ಹೊರ ಊರಿನ ಪ್ರಯಾಣಕ್ಕೆ ಕಿಲೋಮೀಟರಿಗೆ ಇಷ್ಟೆಂದು ದರ ಹೇಳಿದರೂ ದಿನವೊಂದಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಹಿಡಿಯುತ್ತಾರೆ, ಓಡಿದ ದೂರವನ್ನು ಹತ್ತಿದ ಮನೆಯಿಂದಲ್ಲದೆ ಗಾಡಿ ಹೊರಟ ಶೆಡ್ಡಿನಿಂದ ಮತ್ತೆ ಶೆಡ್ಡಿನವರೆಗೆ ಎಣಿಸುತ್ತಾರೆ, ಟೋಲ್, ಪಾರ್ಕಿಂಗ್, ಹೊರ ರಾಜ್ಯದ ಪರ್ಮಿಟ್ಟುಗಳು ಬೇರೆ. ಇದರ ಮೇಲೆ ಚಾಲಕನ ಊಟ ಮತ್ತು ತಂಗುವ ಖರ್ಚಿಗೆಂದು ದಿನಕ್ಕಿಷ್ಟು ಬಾಟಾ, ರಾತ್ರಿ ಓಡಿಸಿದರೆ ಅದಕ್ಕೆ ಪ್ರತ್ಯೇಕ. ಇಷ್ಟೆಲ್ಲ ಸೇರಿದರೂ ಬಾಡಿಗೆ ಗಾಡಿಗೆ ಒಂದೇ, ರೈಲಿನ ದರವಾದರೋ ತಲೆಗೆ ಇಷ್ಟು. ಆದ್ದರಿಂದ ಇಬ್ಬರಿಗೆ ರೈಲು, ಏಳು ಮಂದಿಗೆ ಗಾಡಿ ಎಂಬ ಲೆಕ್ಕ ಹೆಂಗಸರಿಗೂ ಮಕ್ಕಳಿಗೂ ಬಾಯಿಪಾಠವಾಗಿತ್ತು. ಚಾಲಕನ ಕೆಲಸ ಗಾಡಿ ನಡೆಸುವುದಕ್ಕೆ ಸೀಮಿತವಾಗಿರಲಿಲ್ಲ. ಮಧ್ಯಾಹ್ನ ಯಾವ ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತದೆ, ಅನ್ನದಾನದ ಪಂಕ್ತಿಗೆ ಯಾವಾಗ ಕೂರಬೇಕು, ಮಂಜು ಕವಿದ ಚಾರ್ಮಾಡಿ ಘಟ್ಟವನ್ನು ಎಷ್ಟು ಗಂಟೆಯೊಳಗೆ ದಾಟಬೇಕು, ವಾಂತಿ ಮಾಡುವ ಮಗುವನ್ನು ಎಲ್ಲಿ ಕೂರಿಸಬೇಕು ಎಂಬುದೆಲ್ಲ ಅವನಿಗೇ ಗೊತ್ತು. ಹೊರಡುವ ಬೆಳಿಗ್ಗೆ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ತೆಗೆಯುವವನೂ ಅವನೇ. ಅವನು ಕರೆತಂದ ಗಿರಾಕಿಗಳ ಋಣಕ್ಕೆಂದು ದಾರಿಬದಿಯ ಎಷ್ಟೋ ಹೋಟೆಲುಗಳು ಅವನ ಊಟಕ್ಕೆ ಹಣ ತೆಗೆದುಕೊಳ್ಳುತ್ತಿರಲಿಲ್ಲ.

ಚಾಲಕನಿಲ್ಲದ ಬಾಡಿಗೆ ಕಾರಿಗೆ ಭಾರತದಲ್ಲಿ ಕಾನೂನಿನ ದಾರಿ ತೆರೆದದ್ದು 1989ರ ರೆಂಟ್-ಎ-ಕ್ಯಾಬ್ ಯೋಜನೆ. ಪರವಾನಗಿ ಬೇಕೆಂದರೆ ಕನಿಷ್ಠ 50 ಕಾರುಗಳಿರಬೇಕೆಂದು ಅದು ವಿಧಿಸಿದ್ದರಿಂದ, ಒಂದೆರಡು ಗಾಡಿಗಳನ್ನು ಸಾಲಕ್ಕೆ ಕೊಂಡು ಬದುಕುತ್ತಿದ್ದ ಬಡಾವಣೆಯ ಟ್ರಾವೆಲ್ಸ್‌ನವರಿಗೆ ಅದು ಎಟುಕುವಂತಿರಲಿಲ್ಲ. 2013ರಲ್ಲಿ ಬೆಂಗಳೂರಿನಲ್ಲಿಯೇ ಜೂಮ್‌ಕಾರ್ ಆರಂಭವಾದ ಮೇಲೆ, ಟ್ಯಾಕ್ಸಿಯ ಹಳದಿ ಫಲಕದ ಬದಲು ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ಕಾರುಗಳು ಮೈಸೂರು ರಸ್ತೆಯಲ್ಲಿ ಸಾಮಾನ್ಯವಾದವು. ಅವನ್ನು ಹಿಡಿದವರು ಹೆಚ್ಚಾಗಿ ತರುಣರು; ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೊರಡುವ ಮನೆಗಳು ಪರಿಚಯದ ಟ್ರಾವೆಲ್ಸ್‌ಗೇ ಫೋನು ಮಾಡುವುದನ್ನು ಬಿಡಲಿಲ್ಲ.

ವಿದೇಶಕ್ಕೆ ಹೊರಟವರ ಆಯ್ಕೆಯಲ್ಲಿ ಈ ಹಳೆಯ ಲೆಕ್ಕಗಳೆಲ್ಲ ಮತ್ತೆ ತಲೆಯೆತ್ತುತ್ತವೆ. ನಿಜ ಹೇಳಬೇಕೆಂದರೆ ಮೊದಲ ಬಾರಿಗೆ ಯೂರೋಪಿಗೆ ಹೋಗುವ ಬಹುಪಾಲು ಮನೆಗಳು ರೈಲನ್ನೂ ಕಾರನ್ನೂ ಬಿಟ್ಟು, ಸಸ್ಯಾಹಾರದ ಅಡುಗೆಯವರನ್ನು ಜೊತೆಗೆ ಒಯ್ಯುವ ಪ್ಯಾಕೇಜ್ ಟೂರಿನ ಬಸ್ಸನ್ನೇ ನಂಬುತ್ತವೆ. ಅದು ‘ಒಪ್ಪಂದದ ಮೇರೆಗೆ’ ಫಲಕದ ಹಿರಿಯ ರೂಪವಷ್ಟೆ. ಅಮೆರಿಕದಲ್ಲಿ ಪ್ರಶ್ನೆಯೇ ಏಳುವುದು ಕಡಿಮೆ, ಏಕೆಂದರೆ ಅಲ್ಲಿ ಚಾಲಕನ ಸ್ಥಾನದಲ್ಲಿ ಮಗನೋ ಮಗಳೋ ಅಳಿಯನೋ ಕುಳಿತಿರುತ್ತಾರೆ. ತಾವೇ ಯೋಜನೆ ಹಾಕಿಕೊಂಡು ಹೋಗುವವರಿಗೆ ಮಾತ್ರ ಆಯ್ಕೆ ಕಠಿಣ. ಸ್ವಿಟ್ಜರ್ಲೆಂಡಿನ ರೈಲು ಬೆಟ್ಟದ ಹಳ್ಳಿಯವರೆಗೂ ಹೋಗುತ್ತದೆ, ಮುಂದಕ್ಕೆ ಅದರ ಸಮಯಕ್ಕೇ ಹೊಂದಿಸಿದ ಅಂಚೆ ಬಸ್ಸು ಕಾದಿರುತ್ತದೆ. ಕರ್ನಾಟಕದಲ್ಲಿ ಗಾಡಿಯನ್ನು ಅನಿವಾರ್ಯಗೊಳಿಸಿದ ಕೊನೆಯ ಹತ್ತಿಪ್ಪತ್ತು ಮೈಲಿಗಳು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಾರು ಹಿಡಿದರೆ ಬಾಟಾ ಉಳಿಯುತ್ತದೆ, ಆದರೆ ವಿಮೆ, ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುವ ಠೇವಣಿ, ಪಡೆದ ಊರಲ್ಲದೆ ಬೇರೆ ಊರಿನಲ್ಲಿ ಕಾರು ಬಿಟ್ಟರೆ ತೆರಬೇಕಾದ ಹೆಚ್ಚುವರಿ ಹಣ ಇವೆಲ್ಲ ಸೇರುತ್ತವೆ. ಜೊತೆಗೆ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ದಾರಿ ತಪ್ಪಿದರೆ ಕೇಳಿ ತಿಳಿಸುವ ಚಾಲಕನಿಲ್ಲ.

ಜಪಾನಿನಲ್ಲಿ ಸಂಗತಿ ತುಸು ಬೇರೆ. ಅಲ್ಲಿ ಭಾರತದಂತೆಯೇ ಎಡಬದಿಯ ಸಂಚಾರ. ವಿದೇಶೀಯರಿಗೆಂದು 1981ರಲ್ಲಿ ಆರಂಭವಾದ ಜಪಾನ್ ರೈಲ್ ಪಾಸಿನ ಏಳು ದಿನಗಳ ದರ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿದ ಮೇಲೆ, ನಾಲ್ವರ ಕುಟುಂಬಕ್ಕೆ ತಲೆಲೆಕ್ಕ ಭಾರವಾಗಿ ಗಾಡಿಲೆಕ್ಕ ಹಗುರವಾಗತೊಡಗಿತು. ಹಾಗೆ ಕಾರು ಹಿಡಿಯುವವರಿಗೆ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದಂತೆ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಒಂದು ವರ್ಷದ ಅವಧಿಯ ಆ ಪರವಾನಗಿಯನ್ನು ಕೊಡುವುದು ಆಯಾ ಪ್ರದೇಶದ ಸಾರಿಗೆ ಕಚೇರಿ. ಕೆಎ-02 ಸಂಖ್ಯೆಯ ರಾಜಾಜಿನಗರದ ಕಚೇರಿಯಲ್ಲಿ ಹಳದಿ ಫಲಕದ ಗಾಡಿಗಳ ಪರ್ಮಿಟ್ಟಿಗೆ ಬರುವ ಚಾಲಕರೂ, ಪಾಸ್‌ಪೋರ್ಟು ಮತ್ತು ವೀಸಾದ ಪ್ರತಿಗಳನ್ನು ಹಿಡಿದು ಈ ಪರವಾನಗಿಗೆ ಬರುವ ಪ್ರವಾಸಿಗರೂ ಒಂದೇ ಇಲಾಖೆಯ ಅರ್ಜಿದಾರರು.