ಭೋಜನಸ್ಪರ್ಧೆಯಲ್ಲಿ ಸ್ತ್ರೀಯರು

ಹಸಿವು ಸ್ತ್ರೀಪುರುಷಭೇದವನ್ನರಿಯದು. ಆದರೆ ಆ ಹಸಿವನ್ನು ನಾಲ್ವರೆದುರಿಗೆ ತೋರ್ಪಡಿಸುವ ವಿಷಯದಲ್ಲಿ ಲೋಕವು ಬಹುಕಾಲದಿಂದಲೂ ಭೇದವನ್ನೆಣಿಸುತ್ತ ಬಂದಿದೆ. ಬಂಡಿಯ ಅನ್ನವನ್ನು ಒಬ್ಬನೇ ಉಂಡು ಬಕಾಸುರನನ್ನು ಕೊಂದ ಭೀಮಸೇನನ ಕಥೆಯನ್ನು ಕನ್ನಡನಾಡಿನ ಮಕ್ಕಳೂ ಬಲ್ಲರು. ಅವನ ಊಟವೇ ಅವನ ಬಲಕ್ಕೆ ಸಾಕ್ಷಿ. ಅವನಂತೆ ಉಂಡ ಹೆಂಗಸಿನ ಕಥೆಯನ್ನು ಮೆಚ್ಚುಗೆಯಿಂದ ಹೇಳುವುದು ಮಾತ್ರ ಅಪೂರ್ವ. ಗೃಹಿಣಿಯಾದವಳು ಬಡಿಸುವವಳು; ಎಲ್ಲರೂ ಕೈತೊಳೆದ ಮೇಲೆ ಎಲೆಯ ಮುಂದೆ ಕುಳಿತುಕೊಳ್ಳುವವಳು. ಇಂತಹ ಸಂಪ್ರದಾಯವು ಒಂದು ದೇಶಕ್ಕೆ ಮಾತ್ರ ಸೇರಿದುದಲ್ಲ. ಆದುದರಿಂದಲೇ ಸಾರ್ವಜನಿಕವಾದ ಉಣ್ಣುವ ಪಂದ್ಯದಲ್ಲಿ ಸ್ತ್ರೀಯರು ಸ್ಥಾನವನ್ನು ಪಡೆದ ಬಗೆಯು, ನೋಟಕ್ಕೆ ವಿನೋದದ ವಿಷಯವಾಗಿ ಕಂಡರೂ, ವಿಚಾರಕ್ಕೆ ಯೋಗ್ಯವಾಗಿದೆ.

ಉಣ್ಣುವ ಪಂದ್ಯವು ಪ್ರಾಚೀನವಾದುದು. ಐಸ್‌ಲೆಂಡಿನಲ್ಲಿ 13ನೆಯ ಶತಮಾನದಲ್ಲಿ ರಚಿತವಾದ ‘ಎಡ್ಡಾ’ ಗ್ರಂಥದಲ್ಲಿ ಲೋಕಿಯೆಂಬ ದೇವನು ಲೋಗಿಯೆಂಬವನೊಡನೆ ಮಾಂಸವನ್ನು ತಿನ್ನುವ ಪಣಕ್ಕೆ ನಿಂತು ಸೋತ ಕಥೆಯುಂಟು. ಲೋಗಿಯು ಮಾಂಸವನ್ನಲ್ಲದೆ ಎಲುಬುಗಳನ್ನೂ ಮರಿಗೆಯನ್ನೂ ಕಬಳಿಸಿದನು. ಏಕೆಂದರೆ ಅವನು ಸಾಕ್ಷಾತ್ ಅಗ್ನಿಯೇ ಆಗಿದ್ದನು. ಜಪಾನಿನ ಎಡೋ ನಗರದಲ್ಲಿ 1817ರಲ್ಲಿ ಬಹಳ ಕುಡಿಯುವವರಿಗೂ ಬಹಳ ಉಣ್ಣುವವರಿಗೂ ಒಂದು ದೊಡ್ಡ ಪಂದ್ಯವು ನಡೆದುದಾಗಿ ತಿಳಿದುಬರುತ್ತದೆ. ಆದರೆ ಸ್ತ್ರೀಯರ ಪ್ರವೇಶವನ್ನು ವರ್ಷವರ್ಷವಾಗಿ, ಅಂಕಿಗಳೊಡನೆ, ತೋರಿಸಬಲ್ಲ ಚರಿತ್ರೆಯು ಬೇಕಾದರೆ ಅಮೆರಿಕದ ನ್ಯೂಯಾರ್ಕ್ ನಗರದ ಕಡಲಂಚಿನಲ್ಲಿರುವ ಕೋನಿ ದ್ವೀಪಕ್ಕೆ ಹೋಗಬೇಕು.

ಅಲ್ಲಿ ಪೋಲೆಂಡಿನಿಂದ ವಲಸೆ ಬಂದ ನೇಥನ್ ಹ್ಯಾಂಡ್‌ವರ್ಕರ್ ಎಂಬವನು 1916ರಲ್ಲಿ ಒಂದು ಅಂಗಡಿಯನ್ನು ತೆರೆದು, ಉದ್ದನೆಯ ಬನ್ನಿನ ನಡುವೆ ಮಾಂಸದ ಸುರುಳಿಯನ್ನಿಟ್ಟ ‘ಹಾಟ್‌ಡಾಗ್’ ಎಂಬ ತಿಂಡಿಯನ್ನು 5 ಸೆಂಟಿಗೆ ಒಂದರಂತೆ ಮಾರಲಾರಂಭಿಸಿದನು. ಪ್ರತಿವರ್ಷವೂ ಜುಲೈ 4ರಂದು, ಆ ದೇಶದ ಸ್ವಾತಂತ್ರ್ಯದಿನದಲ್ಲಿ, ಆ ಅಂಗಡಿಯೆದುರಿಗೆ ಪಂದ್ಯವು ನಡೆಯುತ್ತದೆ. ಅಂಗಡಿಯನ್ನು ತೆರೆದ ವರ್ಷದಲ್ಲಿಯೇ ನಾಲ್ವರು ವಲಸೆಗಾರರು ತಮ್ಮಲ್ಲಿ ಯಾರ ದೇಶಭಕ್ತಿ ಹೆಚ್ಚಿನದೆಂಬುದನ್ನು ನಿರ್ಣಯಿಸಲು ಪಣವೊಡ್ಡಿ ತಿಂದರೆಂದೂ, ಅದೇ ಈ ಪಂದ್ಯದ ಮೂಲವೆಂದೂ ಬಹುಕಾಲ ಪ್ರಚಾರದಲ್ಲಿದ್ದಿತು. ಆ ಕಥೆಯನ್ನು ಕಟ್ಟಿದವರು ತಾವೇ ಎಂದು ಅಂಗಡಿಯ ಪ್ರಚಾರಕರಾಗಿದ್ದ ಮಾರ್ಟಿಮರ್ ಮ್ಯಾಟ್ಸ್ ಅವರು 2010ರಲ್ಲಿ ಒಪ್ಪಿಕೊಂಡರು. ದಾಖಲೆಗೆ ಸಿಕ್ಕುವ ಪಂದ್ಯಗಳು 1972ರಿಂದ ಈಚಿನವು. ವ್ಯಾಪಾರಕ್ಕಾಗಿ ಹುಟ್ಟಿದ ಕಥೆಯೊಂದು ಐತಿಹ್ಯವಾಗಿ ನಿಂತುದು ಇತಿಹಾಸವನ್ನು ಓದುವವರಿಗೆ ಒಂದು ಪಾಠವೇ ಸರಿ.

ಮೊದಲಿನ ದಶಕಗಳಲ್ಲಿ ಅಲ್ಲಿ ಸ್ತ್ರೀಪುರುಷರಿಗೆ ಒಂದೇ ಮೇಜು, ಒಂದೇ ಬಹುಮಾನ. 1984ರಲ್ಲಿ ಬಿರ್ಗಿಟ್ ಫೆಲ್ಡೆನ್ ಎಂಬ ಪಶ್ಚಿಮ ಜರ್ಮನಿಯ 17 ವರ್ಷದ ಕನ್ಯೆಯು 10 ನಿಮಿಷಗಳಲ್ಲಿ ಒಂಬತ್ತೂವರೆ ಹಾಟ್‌ಡಾಗುಗಳನ್ನು ತಿಂದು, ಗಂಡಸರನ್ನು ಹಿಂದೆ ಹಾಕಿ ಗೆದ್ದಳು. ಆಕೆ ಜೂಡೋ ಎಂಬ ಜಪಾನೀ ಮಲ್ಲವಿದ್ಯೆಯನ್ನು ಅಭ್ಯಾಸ ಮಾಡಿದವಳು. ಅನಂತರ ಜಪಾನೀಯರ ಕಾಲವು ಬಂದಿತು. 2000ದ ಪಂದ್ಯದಲ್ಲಿ ಮೊದಲಿನ ಮೂರು ಸ್ಥಾನಗಳೂ ಅವರಿಗೇ ಸಂದುವು. ಆ ಮೂವರಲ್ಲಿ ಮೂರನೆಯವರು ಅಕಸಾಕಾ ತಕಾಕೋ ಎಂಬ ಮಹಿಳೆ.

ಈ ಚರಿತ್ರೆಯಲ್ಲಿ ವಿಶೇಷವಾಗಿ ಸ್ಮರಿಸಬೇಕಾದ ಹೆಸರು ಸೋನ್ಯಾ ಥಾಮಸ್ ಅವರದು. ದಕ್ಷಿಣ ಕೊರಿಯಾದಲ್ಲಿ 1967ರಲ್ಲಿ ಜನಿಸಿ ಅಮೆರಿಕಕ್ಕೆ ಬಂದು ನೆಲೆಸಿದ ಈಕೆ ಒಂದು ವಿಮಾನದಳದ ನೆಲೆಯಲ್ಲಿದ್ದ ಫಲಾಹಾರದಂಗಡಿಯ ಮೇಲ್ವಿಚಾರಕಿಯಾಗಿದ್ದರು. ಅವರ ದೇಹತೂಕವು ಸುಮಾರು 45 ಕಿಲೋಗ್ರಾಂ ಮಾತ್ರ. 2005ರ ಪಂದ್ಯದಲ್ಲಿ ಅವರು 12 ನಿಮಿಷಗಳಲ್ಲಿ 37 ಹಾಟ್‌ಡಾಗುಗಳನ್ನು ತಿಂದು ಎರಡನೆಯವರಾದರು. ಅವರ ಮುಂದಿದ್ದವರು 49ನ್ನು ತಿಂದ ಜಪಾನಿನ ಕೊಬಯಾಶಿಯವರೊಬ್ಬರೇ. 32ನ್ನು ತಿಂದು ಅವರ ಹಿಂದೆ ಉಳಿದವರು, ಮುಂದೆ ಜಗದ್ವಿಖ್ಯಾತರಾಗಲಿದ್ದ ಜೋಯಿ ಚೆಸ್ಟ್‌ನಟ್. ಗಂಡುಗಳನ್ನು ಕೊಲ್ಲುವುದೆಂದು ಹೆಸರಾದ ಒಂದು ಜೇಡದ ಹೆಸರು ಥಾಮಸ್ ಅವರಿಗೆ ಬಿರುದಾಯಿತು.

ಕೃಶಾಂಗಿಯಾದ ಸ್ತ್ರೀಯು ಸ್ಥೂಲಕಾಯದ ಗಂಡಸರನ್ನು ಸೋಲಿಸುವುದೆಂತು? ಹೊಟ್ಟೆಯ ಸುತ್ತಲಿನ ಕೊಬ್ಬು ಜಠರವು ಹಿಗ್ಗುವುದಕ್ಕೆ ಅಡ್ಡಿಯಾಗುವುದೆಂಬ ಊಹೆಯೊಂದುಂಟು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂತಹ ಪಟುವೊಬ್ಬನ ಜಠರವು ಬಹಳ ದೊಡ್ಡ ಚೀಲದಂತೆ ಹಿಗ್ಗಿದುದೂ, ಅನ್ನವನ್ನು ಮುಂದಕ್ಕೆ ನೂಕುವ ಅದರ ಚಲನೆಯು ಬಹುಮಟ್ಟಿಗೆ ನಿಂತುಹೋದುದೂ ಕಂಡುಬಂದಿತು. ಹಾಗಿರುವಲ್ಲಿ ಈ ಪಂದ್ಯದ ಸಾಮರ್ಥ್ಯವು ಎತ್ತರದಲ್ಲಿಯೂ ತೋಳ್ಬಲದಲ್ಲಿಯೂ ಇರುವುದಲ್ಲ. ಅಭ್ಯಾಸದಿಂದ ಹಿಗ್ಗುವ ಜಠರದಲ್ಲಿಯೂ, ನುಂಗುವ ಗಂಟಲಿನಲ್ಲಿಯೂ, ಹಿಂಜರಿಯದ ಮನಸ್ಸಿನಲ್ಲಿಯೂ ಇರುವುದು. ಆದರೆ ಆ ವೈದ್ಯರೇ ಈ ಅಭ್ಯಾಸವು ಜಠರವನ್ನು ಶಾಶ್ವತವಾಗಿ ಕೆಡಿಸಬಹುದೆಂದೂ ಎಚ್ಚರಿಸಿದರು. ಜಪಾನಿನಲ್ಲಿ 2002ರಲ್ಲಿ ಶಾಲಾಬಾಲಕನೊಬ್ಬನು ಇಂತಹ ಪಂದ್ಯವನ್ನು ಅನುಕರಿಸಲು ಹೋಗಿ ಉಸಿರುಕಟ್ಟಿ ಮೃತನಾದ ಮೇಲೆ, ದೂರದರ್ಶನದಲ್ಲಿ ಇವುಗಳ ಪ್ರದರ್ಶನವು ಕೆಲವು ವರ್ಷಗಳ ಕಾಲ ನಿಂತುಹೋಗಿತ್ತು. ಹೆಂಗಸಾಗಲಿ ಗಂಡಸಾಗಲಿ, ಅಪಾಯವು ಎಲ್ಲರಿಗೂ ಸಮಾನವಾದುದು.

2011ರಲ್ಲಿ ಕೋನಿ ದ್ವೀಪದ ವ್ಯವಸ್ಥಾಪಕರು ಸ್ತ್ರೀಯರಿಗಾಗಿ ಪ್ರತ್ಯೇಕವಾದ ಪಂದ್ಯವನ್ನು ಏರ್ಪಡಿಸಿದರು. ಗಂಡಸರಲ್ಲಿ ಗೆದ್ದವನಿಗೆ ಸಾಸಿವೆಯ ಬಣ್ಣದ ನಡುಪಟ್ಟಿ. ಹೆಂಗಸರಲ್ಲಿ ಗೆದ್ದವಳಿಗೆ ಗುಲಾಬಿ ಬಣ್ಣದ ಪಟ್ಟಿ. ಥಾಮಸ್ ಅವರು 10 ನಿಮಿಷಗಳಲ್ಲಿ 40 ಹಾಟ್‌ಡಾಗುಗಳನ್ನು ತಿಂದು ಮೊದಲನೆಯ ಗುಲಾಬಿ ಪಟ್ಟಿಯನ್ನು ಧರಿಸಿದರು. ಮರುವರ್ಷ 45ನ್ನು ತಿಂದರು. ಈ ವಿಭಾಗವು ಉಚಿತವೇ ಅನುಚಿತವೇ ಎಂಬುದರಲ್ಲಿ ಎರಡು ಪಕ್ಷಗಳುಂಟು. ಒಬ್ಬಿಬ್ಬರ ಹೊರತು ಮತ್ತಾವ ಸ್ತ್ರೀಯೂ ಮುಖ್ಯ ಮೇಜನ್ನೇರಲಾರದಿದ್ದ ಕಾಲದಲ್ಲಿ ಅನೇಕರಿಗೆ ಅವಕಾಶವು ದೊರೆಯಿತೆಂಬುದು ಒಂದು ಪಕ್ಷ. ಗಂಡಸರೊಡನೆ ಸರಿಯಾಗಿ ನಿಂತವಳನ್ನು ಬೇರೆಯ ಪಂಕ್ತಿಯಲ್ಲಿ ಕೂರಿಸಿದಂತಾಯಿತೆಂಬುದು ಮತ್ತೊಂದು ಪಕ್ಷ. ಎರಡನೆಯ ಪಕ್ಷಕ್ಕೆ ಅದೇ ವರ್ಷವೇ ಪ್ರಮಾಣವು ದೊರೆಯಿತು. ಎರಡು ತಿಂಗಳ ಅನಂತರ ಬಫೆಲೋ ನಗರದಲ್ಲಿ ಎಲ್ಲರೂ ಒಂದೇ ಮೇಜಿನಲ್ಲಿ ಕುಳಿತ ಪಂದ್ಯದಲ್ಲಿ ಥಾಮಸ್ ಅವರು 12 ನಿಮಿಷಗಳಲ್ಲಿ 183 ಕೋಳಿರೆಕ್ಕೆಗಳನ್ನು ತಿಂದರು. ಚೆಸ್ಟ್‌ನಟ್ ಅವರು ತಿಂದುದು 174.

2014ರಲ್ಲಿ ಥಾಮಸ್ ಅವರನ್ನು ಮಿಕಿ ಸುಡೋ ಎಂಬವರು ಸೋಲಿಸಿದರು. ಅಂದಿನಿಂದ 2025ರ ವರೆಗೆ, 2021ರ ಹೊರತು, ಗುಲಾಬಿ ಪಟ್ಟಿಯು ಪ್ರತಿವರ್ಷವೂ ಅವರಿಗೇ ಸಂದಿದೆ. 2021ರಲ್ಲಿ ಅವರು ತುಂಬು ಗರ್ಭಿಣಿಯಾಗಿದ್ದರು. ಪಂದ್ಯವು ಮುಗಿದ ಕೆಲವು ದಿನಗಳಲ್ಲಿಯೇ ಪ್ರಸವವಾಯಿತು. ಸಾಂಕ್ರಾಮಿಕ ರೋಗದ ದೆಸೆಯಿಂದ ಪ್ರೇಕ್ಷಕರಿಲ್ಲದೆ ನಡೆದ 2020ರ ಪಂದ್ಯದಲ್ಲಿ ಸುಡೋ ಅವರು ತಿಂದುದು ನಲವತ್ತೆಂಟೂವರೆ. ಆ ದಿನವೇ ಗಂಡಸರಲ್ಲಿ ಚೆಸ್ಟ್‌ನಟ್ ಅವರು 75ನ್ನು ತಿಂದು ಗೆದ್ದರು. ಅವರ ತರುವಾಯದವನು ತಿಂದುದು 42. ಎಂದರೆ ಒಬ್ಬನ ಹೊರತು ಅಂದು ಮೇಜಿನ ಮುಂದೆ ನಿಂತ ಗಂಡಸರೆಲ್ಲರೂ ಬೇರೆಯ ಪಂಕ್ತಿಯ ಈ ಸ್ತ್ರೀಗಿಂತ ಹಿಂದೆ ಉಳಿದಿದ್ದರು. 2024ರಲ್ಲಿ ಅವರು 51ನ್ನು ತಿಂದು ಸ್ತ್ರೀಯರಲ್ಲಿ ಮೊದಲ ಬಾರಿಗೆ 50ರ ಗಡಿಯನ್ನು ಆ ಪಂದ್ಯದಲ್ಲಿ ದಾಟಿದರು.

ಇಂತಹ ವಿನೋದವು ಕನ್ನಡನಾಡಿಗೂ ಅಪರಿಚಿತವಲ್ಲ. ಮೈಸೂರಿನ ದಸರೆಯ ಆಹಾರಮೇಳದಲ್ಲಿ ಸ್ತ್ರೀಯರಿಗಾಗಿ ಇಡ್ಲಿಯನ್ನು ತಿನ್ನುವ ಪಂದ್ಯವನ್ನು ನಡೆಸಿದುದುಂಟು. 2019ರಲ್ಲಿ 60 ವರ್ಷದ ಮಹಿಳೆಯೊಬ್ಬರು ಒಂದು ನಿಮಿಷದಲ್ಲಿ 6 ಇಡ್ಲಿಗಳನ್ನು ತಿಂದು ತಮಗಿಂತ ಕಿರಿಯರನ್ನು ಸೋಲಿಸಿದರು. ಅಲ್ಲಿ ಪರದೇಶದ ಅಭ್ಯಾಸವಿಲ್ಲ, ಪಟ್ಟಿಯಿಲ್ಲ, ಬಿರುದಿಲ್ಲ, ಹಬ್ಬದ ಸಂತೋಷವೊಂದೇ.

ಮಿತಭೋಜನವೇ ಹಿತವೆಂಬ ಹಿರಿಯರ ಮಾತಿಗೆ ಈ ಪಂದ್ಯಗಳಿಂದ ಭಂಗವಿಲ್ಲ. ಅನ್ನವಿಲ್ಲದವರ ನಡುವೆ ಅನ್ನವನ್ನು ಆಟಕ್ಕಿಡುವುದು ತಕ್ಕುದೇ ಎಂಬ ಪ್ರಶ್ನೆಯೂ ಉಳಿದೇ ಇದೆ. ಆದರೆ ಆ ಎರಡು ವಿಚಾರಗಳೂ ಉಣ್ಣುವವರೆಲ್ಲರಿಗೆ ಸಲ್ಲತಕ್ಕವೇ ಹೊರತು ಸ್ತ್ರೀಯರಿಗೆ ಮಾತ್ರವಲ್ಲ. ಗಂಡಸಿನಲ್ಲಿ ಪೌರುಷವೆನಿಸಿದುದು ಹೆಂಗಸಿನಲ್ಲಿ ನಾಚಿಕೆಗೇಡೆನಿಸುವ ನ್ಯಾಯವು ಸರಿಯಲ್ಲವೆಂಬುದನ್ನು ಈ ಅಂಕಿಗಳು ತಿಳಿಸುತ್ತವೆ. ಎಲ್ಲರ ಊಟವೂ ಮುಗಿಯುವ ವರೆಗೆ ಕಾದಿದ್ದವಳು ಒಂದು ದಿನ ಎಲ್ಲರಿಗಿಂತ ಮೊದಲು ಮೇಜಿನ ಮುಂದೆ ನಿಂತುದು, ಪಂದ್ಯವು ಎಂತಹುದೇ ಆಗಿರಲಿ, ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿಯೇ ಆಗಿದೆ.