ನೂರಿಪ್ಪತ್ತೆಂಟು ಪ್ರಶ್ನೆಗಳು: ಅಮೆರಿಕದ ಇತಿಹಾಸವನ್ನು ನಾವೆಷ್ಟು ಬಲ್ಲೆವು?

ತ್ಯಾವಣಿಗೆಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದ ಕೆಲವರು ಇಂದು ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕಿದವರು ನಡುವಯಸ್ಸಿನಲ್ಲಿ ಮತ್ತೊಮ್ಮೆ ಇತಿಹಾಸದ ಪರೀಕ್ಷೆಗೆ ಕೂರಬೇಕಾಗಿದೆ. ‘ಸಾರ್, ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೇವೆ’ ಎಂದು ಅವರು ನಗುತ್ತ ಹೇಳುವುದುಂಟು. ಅವರಿಗಾಗಿಯೂ, ಮಕ್ಕಳ ಮನೆಯಲ್ಲಿರಲು ಅಲ್ಲಿಗೆ ಹೋಗಿರುವ ನಮ್ಮ ಬಂಧುಗಳಿಗಾಗಿಯೂ, ಊರಿನಲ್ಲಿಯೇ ಉಳಿದ ನಮ್ಮಂಥವರಿಗಾಗಿಯೂ ಈ ಲೇಖನ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ಇದು ಬರೆಯುವ ಪರೀಕ್ಷೆಯಲ್ಲ. ಸಂದರ್ಶನ ನಡೆಸುವ ಅಧಿಕಾರಿ ಬಾಯಿಮಾತಿನಲ್ಲಿ ಕೇಳುತ್ತಾರೆ, ಅಭ್ಯರ್ಥಿ ಬಾಯಿಮಾತಿನಲ್ಲಿ ಉತ್ತರಿಸಬೇಕು. 2008ರ ಕ್ರಮದಲ್ಲಿ ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಕೇಳುತ್ತಿದ್ದರು. ಆರಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. 2025ರ ಅಕ್ಟೋಬರ್ 20ರಂದು ಮತ್ತು ಅನಂತರ ಅರ್ಜಿ ಸಲ್ಲಿಸಿದವರಿಗೆ ಪಟ್ಟಿ 128 ಪ್ರಶ್ನೆಗಳಿಗೆ ಏರಿದೆ. ಅವುಗಳಲ್ಲಿ ಇಪ್ಪತ್ತರವರೆಗೆ ಕೇಳುತ್ತಾರೆ, ಹನ್ನೆರಡು ಸರಿಯಾಗಬೇಕು. ಪ್ರಶ್ನೆಗಳೂ ಉತ್ತರಗಳೂ ಮೊದಲೇ ಪ್ರಕಟವಾಗಿರುತ್ತವೆ. ನಮ್ಮ ಹಿರಿಯರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಐವತ್ತು ವರ್ಷ ದಾಟಿ ಇಪ್ಪತ್ತು ವರ್ಷ, ಅಥವಾ ಐವತ್ತೈದು ದಾಟಿ ಹದಿನೈದು ವರ್ಷ, ಗ್ರೀನ್ ಕಾರ್ಡ್ ಹೊಂದಿ ಅಲ್ಲಿ ವಾಸಿಸಿದವರು ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಪಡೆಯುತ್ತಾರೆ. ದುಭಾಷಿಯ ನೆರವಿನಿಂದ ತಮ್ಮ ಭಾಷೆಯಲ್ಲಿ ಉತ್ತರಿಸಬಹುದು. ಅಂದರೆ ಅಬ್ರಹಾಂ ಲಿಂಕನ್ ಏನು ಮಾಡಿದನೆಂಬುದನ್ನು ಕನ್ನಡದಲ್ಲಿಯೇ ಹೇಳಿ ತೇರ್ಗಡೆಯಾಗಲು ಅವಕಾಶವುಂಟು.

ಅಲ್ಲಿಯೇ ಹುಟ್ಟಿದವರಿಗೆ ಈ ಪರೀಕ್ಷೆಯಿಲ್ಲ. 2018ರಲ್ಲಿ ವುಡ್ರೋ ವಿಲ್ಸನ್ ಹೆಸರಿನ ಪ್ರತಿಷ್ಠಾನವೊಂದು ಇಂತಹವೇ ಪ್ರಶ್ನೆಗಳನ್ನು ಅಮೆರಿಕನ್ನರಿಗೆ ಕೇಳಿ ನೋಡಿದಾಗ, ಸುಮಾರು ಮೂವರಲ್ಲಿ ಒಬ್ಬರು ಮಾತ್ರ ತೇರ್ಗಡೆಯಾಗುವಷ್ಟು ಉತ್ತರ ಕೊಟ್ಟರು. ನಗುವುದಕ್ಕೆ ಮುನ್ನ, ನಮ್ಮದೇ ಸಂವಿಧಾನದ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿದರೆ ನಮ್ಮೂರಿನಲ್ಲಿ ಎಷ್ಟು ಮಂದಿ ತೇರ್ಗಡೆಯಾದಾರು ಎಂಬುದನ್ನು ಯೋಚಿಸುವುದು ಒಳ್ಳೆಯದು.

ಉತ್ತರ ಗೊತ್ತಿರುವುದು ಒಂದು, ಇತಿಹಾಸ ಗೊತ್ತಿರುವುದು ಮತ್ತೊಂದು. ಆ ಪಟ್ಟಿಯ ಒಂದು ಪ್ರಶ್ನೆಯನ್ನೇ ನೋಡಿ: ಮಾರ್ಟಿನ್ ಲೂಥರ್ ಕಿಂಗ್ ಏತಕ್ಕಾಗಿ ಪ್ರಸಿದ್ಧರು? ನಾಗರಿಕ ಹಕ್ಕುಗಳಿಗಾಗಿ ಹೋರಾಡಿದರು ಎಂದರೆ ಅಧಿಕಾರಿಗೆ ಸಾಕು. ಆದರೆ ಆ ಕುರ್ಚಿಯಲ್ಲಿ ಕುಳಿತು ಉತ್ತರ ಹೇಳುವ ಕನ್ನಡಿಗನಿಗೆ ಅಷ್ಟೇ ಸಾಕೆ? ಆ ಕುರ್ಚಿ ಅವನಿಗೆ ಹೇಗೆ ದೊರೆಯಿತು ಎಂಬುದೂ ಅಮೆರಿಕದ ಇತಿಹಾಸವೇ ಅಲ್ಲವೆ?

1790ರಲ್ಲಿ ಅಮೆರಿಕ ಮಾಡಿದ ಮೊದಲ ಪೌರತ್ವ ಕಾನೂನು, ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರರಾಗುವ ಹಕ್ಕನ್ನು ಕೊಟ್ಟಿತು. ಅಂತರ್ಯುದ್ಧದ ಬಳಿಕ, 1870ರಲ್ಲಿ, ಆಫ್ರಿಕನ್ ಮೂಲದವರನ್ನು ಸೇರಿಸಿಕೊಂಡರು. ಏಷ್ಯದವರು ಹೊರಗೇ ಉಳಿದರು. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಅವರ ಪೌರತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಂದಿನ ಜನಾಂಗಶಾಸ್ತ್ರದ ಪ್ರಕಾರ ಭಾರತೀಯರೂ ಕಾಕೇಸಿಯನ್ ವರ್ಗಕ್ಕೆ ಸೇರಿದವರೆಂದು ಅವರ ಪರವಾಗಿ ವಾದಿಸಲಾಯಿತು. 1923ರ ಫೆಬ್ರವರಿ 19ರಂದು ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು: ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನರ ತಿಳುವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ. ಈ ತೀರ್ಪನ್ನು ಆಧರಿಸಿ, ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಪೌರರಾಗಲು ಅರ್ಹರಲ್ಲದವರು ಕೃಷಿಭೂಮಿ ಹೊಂದಬಾರದೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 1913ರಿಂದಲೇ ಇತ್ತು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋದಾಸ್ ಬಗಾಯಿ, ಪೌರತ್ವ ಕಳೆದುಕೊಂಡು ಯಾವ ದೇಶಕ್ಕೂ ಸೇರದವರಾಗಿ, 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಆ ಕಾಲದಲ್ಲಿ ನಮ್ಮ ಕನ್ನಡಿಗರೂ ಅಲ್ಲಿಗೆ ಹೋಗಿದ್ದರು. ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಲಾಲಾ ಲಜಪತರಾಯರೊಡನೆ ಅಮೆರಿಕದಲ್ಲಿ ಭಾರತದ ಸ್ವರಾಜ್ಯಕ್ಕಾಗಿ ಪ್ರಚಾರ ಮಾಡಿದರು. 1921ರಲ್ಲಿ ಹಿಂದಿರುಗಿ ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡರು. ಥಿಂಡ್ ತೀರ್ಪು ಬಂದ 1923ರಲ್ಲಿಯೇ ಹರ್ಡೀಕರರು ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಆ ದಳದ ಸ್ವಯಂಸೇವಕರು ದುಡಿದರು. ಭಾರತೀಯನಿಗೆ ಪೌರತ್ವದ ಬಾಗಿಲು ಅಲ್ಲಿ ಮುಚ್ಚಿದ ವರ್ಷ, ಇಲ್ಲಿ ನಮ್ಮದೇ ದೇಶದ ಪೌರರಾಗುವ ಹೋರಾಟಕ್ಕೆ ಒಂದು ಶಿಸ್ತಿನ ಪಡೆ ಸಿದ್ಧವಾಗುತ್ತಿತ್ತು.

ಅಮೆರಿಕದ ಬಾಗಿಲು ತೆರೆದದ್ದು 1946ರಲ್ಲಿ. ಆ ವರ್ಷದ ಲೂಸ್-ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರರಾಗುವ ಹಕ್ಕನ್ನು ಕೊಟ್ಟಿತು. ಆದರೆ ವಲಸೆಗೆ ಇಟ್ಟ ಮಿತಿ ವರ್ಷಕ್ಕೆ ಕೇವಲ ನೂರು ಮಂದಿ. ಹೀಗೆ ಪೌರತ್ವ ಪಡೆದ ದಲೀಪ್ ಸಿಂಗ್ ಸೌಂಡ್ 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಹುಟ್ಟಿದ ದೇಶವನ್ನು ನೋಡಿ ವಲಸೆಯ ಪಾಲು ಹಂಚುವ ಪದ್ಧತಿಗೆ ಕೊನೆ ಹಾಡಿದ್ದು 1965ರ ಕಾಯಿದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಸಹಿ ಹಾಕಿದರು. ವರ್ಷವನ್ನು ಗಮನಿಸಿ. ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ 1964ರದು. ಕರಿಯರ ಮತದಾನದ ಹಕ್ಕನ್ನು ರಕ್ಷಿಸಿದ ಕಾಯಿದೆ ಅದೇ 1965ರದು. ಚರ್ಮದ ಬಣ್ಣ ನೋಡಿ ಹಕ್ಕು ಹಂಚುವುದು ತಪ್ಪೆಂದು ಕರಿಯರು ಲಾಠಿಯೇಟು ತಿಂದು, ಸೆರೆಮನೆ ಸೇರಿ, ದೇಶದ ಮನಸ್ಸನ್ನು ಹದಮಾಡದಿದ್ದರೆ, ವಲಸೆಯ ಕಾನೂನು ಅಷ್ಟು ಸುಲಭವಾಗಿ ಬದಲಾಗುತ್ತಿರಲಿಲ್ಲ. ನಮ್ಮ ವೈದ್ಯರೂ ಎಂಜಿನಿಯರರೂ ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು ಆ ಬಳಿಕ. ಆದುದರಿಂದ ಕಿಂಗ್ ಅವರ ಕುರಿತ ಪ್ರಶ್ನೆಗೆ ನಮ್ಮವರು ಕೊಡಬೇಕಾದ ಪೂರ್ಣ ಉತ್ತರ ಹೀಗಿರಬೇಕು: ಅವರೂ ಅವರ ಸಂಗಡಿಗರೂ ಹೋರಾಡಿದ್ದರಿಂದಲೇ ನಾನು ಇಲ್ಲಿ ಕುಳಿತಿದ್ದೇನೆ.

ಹಾಗಾದರೆ ಓದುವ ಬಗೆ ಹೇಗೆ? ಕೈಪಿಡಿಯ ಪ್ರತಿ ಉತ್ತರಕ್ಕೂ ಎರಡು ಮರುಪ್ರಶ್ನೆ ಹಾಕಿಕೊಳ್ಳಿ. ಒಂದು, ಏಕೆ? ಎರಡು, ಆಗ ನಮ್ಮ ನಾಡಿನಲ್ಲಿ ಏನು ನಡೆದಿತ್ತು? ಎರಡನೆಯದು ನೆನಪಿಗೆ ಒಳ್ಳೆಯ ಗೂಟ; ಅದಕ್ಕೆ ಕಟ್ಟಿದ ಇಸವಿ ಬಿಚ್ಚಿ ಹೋಗುವುದಿಲ್ಲ.

ವಸಾಹತಿನವರು ಬ್ರಿಟಿಷರ ವಿರುದ್ಧ ಏಕೆ ಹೋರಾಡಿದರು ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ತೆರಿಗೆ ಹೇರಿತು ಎಂಬುದು ಉತ್ತರ. 1773ರಲ್ಲಿ ಬೋಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ ಚಹಾ ಯಾರದು? ನಮಗೆ ಚೆನ್ನಾಗಿ ಪರಿಚಯವಿರುವ ಈಸ್ಟ್ ಇಂಡಿಯಾ ಕಂಪನಿಯದೇ. 1769ರಲ್ಲಿ ಹೈದರಾಲಿಯ ಸೈನ್ಯ ಮದರಾಸಿನ ಬಾಗಿಲಿಗೆ ಬಂದು ಕಂಪನಿಯನ್ನು ಒಪ್ಪಂದಕ್ಕೆ ಮಣಿಸಿತ್ತು. ಆತನ ದಾಳಿಗಳ ಸುದ್ದಿ ತಲುಪಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರಿನ ಬೆಲೆ ಕುಸಿದಿತ್ತು. ಮುಂದೆ ಬಂಗಾಳದ ಕ್ಷಾಮ, ಸಾಲ, ಮಾರಾಟವಾಗದ ಚಹಾ ಎಲ್ಲವೂ ಸೇರಿ ಕಂಪನಿ ಮುಳುಗುವಂತಾದಾಗ, ಅದನ್ನು ಉಳಿಸಲು ಸಂಸತ್ತು ಮಾಡಿದ್ದೇ 1773ರ ಚಹಾ ಕಾಯಿದೆ. ನಮ್ಮ ಸೀಮೆಯ ಪಡುವಣಕ್ಕಿರುವ ಬಿದನೂರು 1763ರಲ್ಲಿ, ಮೂಡಣಕ್ಕಿರುವ ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾದವು. 1780ರಲ್ಲಿ ಆತ ಪೊಳ್ಳಿಲೂರಿನಲ್ಲಿ ಕಂಪನಿಯ ಸೈನ್ಯವನ್ನು ಸೋಲಿಸಿದ. ಆ ಹೆಸರು ಸಮುದ್ರ ದಾಟಿತು: ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಆಲಿ’ ಎಂದೇ ಹೆಸರಿಟ್ಟಿದ್ದರು, 1782ರ ಏಪ್ರಿಲಿನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯ ನಾಯಕ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಪಡೆದ.

ಅಂತರ್ಯುದ್ಧವೂ ಹಾಗೆಯೇ. ಗುಲಾಮಗಿರಿ ಅದರ ಮುಖ್ಯ ಕಾರಣ. 1863ರ ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳ ಗುಲಾಮರಿಗೆ ಮಾತ್ರ ಅನ್ವಯಿಸಿತು. ದೇಶದಾದ್ಯಂತ ಆ ಪದ್ಧತಿ ಕೊನೆಗೊಂಡದ್ದು 1865ರ ಹದಿಮೂರನೆಯ ತಿದ್ದುಪಡಿಯಿಂದ. ಬರಿಯ ಬಾಯಿಪಾಠದಲ್ಲಿ ಈ ವ್ಯತ್ಯಾಸ ಜಾರಿಹೋಗುತ್ತದೆ. ಆಗ ನಮ್ಮಲ್ಲಿ? ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ 1840ರ ದಶಕದಿಂದ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಯುತ್ತಿತ್ತು. ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಬಿದ್ದುಹೋಯಿತು. ಎಲ್ಲಿಯೋ ನಡೆದ ಯುದ್ಧ ಇಲ್ಲಿನ ರೈತನ ಮನೆಯ ಲೆಕ್ಕವನ್ನು ಏರುಪೇರು ಮಾಡಿತು.

ಪರೀಕ್ಷೆ ಮುಗಿದ ಮೇಲೆ ಪ್ರಮಾಣವಚನವಿದೆ. ಅನ್ಯ ರಾಷ್ಟ್ರಗಳಿಗೆ ಸಲ್ಲಿಸಿದ ನಿಷ್ಠೆಯನ್ನು ಬಿಟ್ಟೆನೆಂದು ಬಲಗೈ ಎತ್ತಿ ಹೇಳಬೇಕು. ನಮ್ಮ 1955ರ ಪೌರತ್ವ ಕಾಯಿದೆಯಂತೆ, ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವನ ಭಾರತೀಯ ಪೌರತ್ವ ಅಲ್ಲಿಗೆ ಕೊನೆಗೊಳ್ಳುತ್ತದೆ. 2005ರಿಂದ ದೊರೆಯುತ್ತಿರುವ ಒಸಿಐ ಕಾರ್ಡು ಬಂದುಹೋಗಲು, ಇರಲು ಅನುಕೂಲ ಮಾಡಿಕೊಡುತ್ತದೆ. ಆದರೆ ಮತದಾನದ ಹಕ್ಕಿಲ್ಲ. ಅಪ್ಪನಿಂದ ಬರುವ ಗದ್ದೆ, ತೋಟ ವಾರಸಾಗಿ ಬರಲು ಅಡ್ಡಿಯಿಲ್ಲ. ಪಕ್ಕದ ಒಂದೆಕರೆಯನ್ನು ಹೊಸದಾಗಿ ಕೊಳ್ಳುವಂತಿಲ್ಲ. ಭದ್ರಾ ನಾಲೆಯ ನೀರು ಕುಡಿದು ಬೆಳೆದವರಿಗೆ ಇದು ಸಣ್ಣ ಮಾತಲ್ಲ. ಪ್ರಮಾಣ ಮಾಡಿರೆಂದಾಗಲಿ ಬೇಡವೆಂದಾಗಲಿ ನಾನು ಹೇಳುವುದಿಲ್ಲ. ಅದು ಅವರವರ ಬದುಕಿನ ನಿರ್ಧಾರ. ಹನ್ನೆರಡು ಉತ್ತರಗಳ ಬಲದಿಂದ ಮಾತ್ರ ಅದನ್ನು ಮಾಡಬೇಡಿ. ಏನನ್ನು ಬಿಡುತ್ತಿದ್ದೇವೆ, ಯಾರ ತ್ಯಾಗದಿಂದ ಏನನ್ನು ಪಡೆಯುತ್ತಿದ್ದೇವೆ ಎಂಬುದನ್ನು ಅರಿತು ಮಾಡಿ ಎನ್ನುವುದಷ್ಟೇ ನನ್ನ ಮಾತು.

ಮೇಷ್ಟರ ಅಭ್ಯಾಸ ಹೋಗುವುದಿಲ್ಲವಾದ್ದರಿಂದ ಐದು ಪ್ರಶ್ನೆಗಳು. ಮೊದಲು ನೀವು ಉತ್ತರಿಸಿ. ಅನಂತರ ರಾತ್ರಿ ಊಟದ ಹೊತ್ತಿನಲ್ಲಿ ಅಲ್ಲಿ ಹುಟ್ಟಿದ ನಿಮ್ಮ ಮಕ್ಕಳನ್ನು ಕೇಳಿ.

1. 1790ರ ಪೌರತ್ವ ಕಾನೂನು ಯಾರನ್ನು ಹೊರಗಿಟ್ಟಿತು?

2. ಬೋಸ್ಟನ್ನಿನ ಚಹಾಕ್ಕೂ ಮೈಸೂರಿನ ಯುದ್ಧಕ್ಕೂ ಏನು ಸಂಬಂಧ?

3. ವಿಮೋಚನಾ ಘೋಷಣೆಯ ಬಳಿಕವೂ ಹದಿಮೂರನೆಯ ತಿದ್ದುಪಡಿ ಏಕೆ ಬೇಕಾಯಿತು?

4. ಸೈನ್ಯದಲ್ಲಿ ದುಡಿದ ಥಿಂಡ್ ಅವರಿಗೆ ನ್ಯಾಯಾಲಯ ಪೌರತ್ವವನ್ನು ಏಕೆ ನಿರಾಕರಿಸಿತು?

5. ನಿಮ್ಮ ಮನೆಯಿಂದ ಅಮೆರಿಕಕ್ಕೆ ಮೊದಲು ಹೋದವರು ಯಾರು, ಯಾವ ಕಾನೂನು ಅವರನ್ನು ಒಳಗೆ ಬಿಟ್ಟಿತು?

ಐದನೆಯ ಪ್ರಶ್ನೆಗೆ ಯಾವ ಕೈಪಿಡಿಯಲ್ಲಿಯೂ ಉತ್ತರವಿಲ್ಲ. ಅದನ್ನು ನನಗೆ ಬರೆದು ಕಳುಹಿಸಿ.